ಮುಂಬೈದಾಗ ಬೆಳದ ಅಣ್ಣನ ಮಗ, ಮಾತಿಗಿಂತ ಮೊದಲ ಕೈ ಎತ್ತತಾನ. ನಿಮ್ಮ ಅನುಭವ ಹೇಳ್ರಿ

ಸುರಪುರ ಕಡಿಯವ (ಕೇಳಿದ್ದು):
ನಮಸ್ಕಾರ್ರೀ ಎಲ್ಲಾರಿಗೂ. ನಮ್ಮಣ್ಣ ಅತ್ತಿಗಿ ಮುಂಬೈಕ ದುಡಿಲಾಕ ಹೋದವ್ರು ಅಲ್ಲೇ ನಿಂತಾರ, ಮಗ ಹುಟ್ಟಿ ಬೆಳದಿದ್ದೂ ಅಲ್ಲೇ, ಮುನ್ಸಿಪಾಲ್ಟಿ ಕನ್ನಡ ಶಾಲ್ಯಾಗ ಕಲ್ತಾನ ಅದ್ಕ ಓದ್ಲಾಕ ಬರೀಲಾಕ ತ್ರಾಸ ಇಲ್ಲ. ಈ ಸಲ ಎಂಟನೇ ಕ್ಲಾಸಿಗೆ ನಮ್ಮನ್ಯಾಗ ಬಿಟ್ಟು ಹೋಗ್ಯಾರ. ಹುಡುಗ ಛಲೋನೇ ಅದಾನ, ನೀರು ತರ್ತಾನ, ಅಜ್ಜಿ ಕಾಲು ಒತ್ತತಾನ, ಆದ್ರ ಹೊರಗ ಯಾರರ ಒಂದು ಮಾತಂದ್ರ ಮುಗೀತು. ಯಾಕೋ ಅಂದ್ರ "ಕಾಕಾ, ಸುಮ್ನ ಬಿಟ್ರ ನಾಳಿ ಎಲ್ಲಾರೂ ಹೊಡಿತಾರ" ಅಂತಾನ. ಶಾಲಿಂದ ಕಂಪ್ಲೇಂಟ್ ಮ್ಯಾಲ ಕಂಪ್ಲೇಂಟ್. ಏನ್ ಮಾಡ್ಲಿ?

ಯಾದಗಿರಿ ಸ್ಟೇಷನ್ ಹತ್ರ:
ನಾಕು ಬಿಡ್ರಿ, ತಾನೇ ಸರಿ ಹೋಗ್ತಾನ.

ಧಾರಾವಿದಾಗ ಬೆಳದವ, ಈಗ ಕಲಬುರಗಿ:
ಮ್ಯಾಲಿನವ್ರು ಹೇಳಿದ್ದು ಮಾತ್ರ ಮಾಡಬ್ಯಾಡ್ರಿ ಅಣ್ಣೋರೆ, ಹೊಡೆದು ಹೊಡಿಬ್ಯಾಡ ಅಂತ ಹೇಳಿದ್ರ ಆ ಹುಡುಗ ಏನ್ ತಿಳ್ಕೊಬೇಕು. ನಿಮ್ಮ ಹುಡುಗ ಹೇಳಿದ ಮಾತು ಖರೆ ಅದ, ಅಲ್ಲಿ ಹಂಗೇ ಇತ್ತು. ನಳದ ಸಾಲಿನ್ಯಾಗ ಕೊಡಾ ಇಟ್ಟು ನಿಂತಾಗ ಯಾರರ ನಮ್ಮ ಕೊಡಾ ಸರಿಸಿದ್ರ, ಸುಮ್ನ ನಿಂತ್ರ ಆವತ್ತಿನ ನೀರು ಹೋಯ್ತು, ಮರುದಿನದ ಪಾಳೀನೂ ಹೋಯ್ತು, ಅವ್ವ ಅಪ್ಪ ಕೆಲಸದ ಮ್ಯಾಲ, ಬರೋದು ರಾತ್ರಿ, ಬಾಜೂ ಮನಿಯವ್ರು ಯಾವ ಊರಿನವ್ರೋ ಏನೋ, ಯಾರಿಗಿ ಹೇಳ್ಬೇಕು? ಅದ್ಕ ಕೈ ಮುಂದ. ನಾ ರಜಾದಾಗ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಊರಿಗಿ ಬಂದಾಗ ಇಲ್ಲಿ ಹುಡುಗ್ರು ಜಗಳಾಡಿದ್ರ ಯಾವ್ದೋ ಮನಿ ಮುದುಕಿ ಹೊರಗ ಬಂದು ಇಬ್ರಿಗೂ ಬೈದು ಕಳಸ್ತಿದ್ಲು. ನಂಗ ಆಶ್ಚರ್ಯ, ಈಕಿಗ್ಯಾಕ ಬೇಕು ಅಂತ. ನಿಮ್ಮ ಹುಡುಗ್ಗ "ಹೊಡಿಬ್ಯಾಡ" ಅನ್ನೋಕಿಂತ ಮೊದಲ "ಇಂಥವ್ರಿಗಿ ಹೇಳು, ಅವ್ರು ನಿನ್ನ ಪರ ಕೇಳ್ತಾರ" ಅಂತ ಒಬ್ರನ್ನ ತೋರಸ್ರಿ. ಮತ್ತ ಹೇಳಿದ ದಿನಾನೇ ಅವ್ರು ಖರೇನೂ ಕೇಳ್ಬೇಕು, ನೋಡೋಣ ಮಾಡೋಣ ಅಂದ್ರ ಆಗಲ್ಲ.

ಇನ್ನೊಂದು. ಇಲ್ಲಿ ಹುಡುಗ್ರು ಅವಂಗ ಏನಂತ ಚಾಳಸ್ತಾರ ಕೇಳೀರೇನು? ನನಗ "ಬಾಂಬೆವಾಲಾ" ಅಂತಿದ್ರು, ಹಿಂದಿ ಮಿಕ್ಸ್ ಮಾಡಿ ಮಾತಾಡ್ತೀನಂತ. ಕಂಪ್ಲೇಂಟಿನ್ಯಾಗ ಅದು ಬರಂಗಿಲ್ಲ, ಹೊಡದಿದ್ದಷ್ಟೇ ಬರ್ತದ.

ಬೀದರ್, ಹೈಸ್ಕೂಲ್ ಟೀಚರ್:
ಒಂದು ಮಾತು ಸೇರಿಸ್ತೀನಿ. ಸ್ಟಾಫ್ ರೂಮಿನಲ್ಲಿ "ಹೊರಗಿಂದ ಬಂದ ಹುಡುಗ್ರು ಹಿಂಗೇ" ಅನ್ನೋದು ಬೇಗ ಬಂದುಬಿಡ್ತದೆ, ಅದು ತಪ್ಪು. ಅಮೆರಿಕದ ಶಿಕಾಗೋದಲ್ಲಿ ಸುಮಾರು 3,000 ಹುಡುಗ ಹುಡುಗಿಯರನ್ನ ವರ್ಷಗಟ್ಟಲೆ ನೋಡಿ 2005ರಲ್ಲಿ ಒಂದು ಅಧ್ಯಯನ ಬಂತು. ಬೇರೆ ದೇಶದಿಂದ ಬಂದ ಮೊದಲ ತಲೆಮಾರಿನ ಮಕ್ಕಳು ಹೊಡೆದಾಟಕ್ಕಿಳಿಯೋ ಸಾಧ್ಯತೆ ಮೂರನೇ ತಲೆಮಾರಿನ ಅಮೆರಿಕದವರಿಗಿಂತ 45% ಕಡಿಮೆ, ಎರಡನೇ ತಲೆಮಾರಿನವರದು 22% ಕಡಿಮೆ. ಅಂದ್ರೆ ಅಲ್ಲೇ ಬೆಳೀತಾ ಬೆಳೀತಾ ಆ ಫರಕು ಸಣ್ಣದಾಗ್ತಾ ಹೋಗ್ತದೆ. ವಲಸೆ ಬಂದವರು ಹೆಚ್ಚಿರೋ ಏರಿಯಾಗಳಲ್ಲೂ ಹಿಂಸೆ ಕಮ್ಮಿ ಕಂಡಿತ್ತು. ಶಿಕಾಗೋ ಬೇರೆ ಸುರಪುರ ಬೇರೆ, ಒಪ್ತೀನಿ, ಆದ್ರೂ ಸುತ್ತಲಿನವರು ಯಾವುದಕ್ಕೆ ಶಾಬಾಸ್ ಅಂತಾರೆ ಅನ್ನೋದನ್ನ ನಾವು ನೋಡ್ಬೇಕಲ್ಲ. ಮತ್ತೆ ಶಾಲೆಯಲ್ಲಿ ಯಾರಾದ್ರೂ ಹುಡುಗನ ಮೇಲೆ ಕೈ ಮಾಡಿದ್ರೆ ಕೇಳಿ, 2009ರ ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮಕ್ಕಳನ್ನ ಹೊಡೆಯೋ ಹಾಗಿಲ್ಲ.

ಶಹಾಪುರದ ಅಕ್ಕ:
ಟೀಚರ್ ಶಾಬಾಸ್ ಅಂದಿದ್ದಕ್ಕ ನೆನಪಾಯ್ತು. ನಮ್ಮ ಮೈದುನನ ಮಗನೂ ಪುಣೆದಿಂದ ಬಂದಿದ್ದ. ನಾವು ಮನ್ಯಾಗ ಬುದ್ಧಿ ಹೇಳೋದು, ಸಂಜಿಗಿ ಕಟ್ಟಿ ಮ್ಯಾಲ ಕುಂತ ದೊಡ್ಡವ್ರು "ಏನಲೇ ಹೆಂಗ್ ಹೊಡದಿ, ಒಮ್ಮಿ ತೋರ್ಸು" ಅನ್ನೋದು, ಇವ ಎದ್ದು ನಿಂತು ಆಕ್ಷನ್ ಮಾಡೋದು, ಎಲ್ಲಾರೂ ಬಿದ್ದು ಬಿದ್ದು ನಗೋದು. ಹಿಂಗಾದ್ರ ಯಾವ ಹುಡುಗ ಬಿಡ್ತಾನ್ರೀ? ನಾನೇ ಹೋಗಿ ಅವ್ರಿಗಿ ಹೇಳ್ದೆ, ಸಿಟ್ಟಿಗೂ ಬಂದ್ರು. ಆಮ್ಯಾಲ ಮೊಹರಂ ಬಂತು, ಅಲಾಯಿ ಕುಣಿಗೆ, ಅಂದ್ರ ಸುತ್ತ ಹೆಜ್ಜಿ ಹಾಕೋ ಬೆಂಕಿ ಕುಣಿಗೆ, ಕಟ್ಟಿಗಿ ಕೂಡಿಸೋ ಹುಡುಗ್ರ ಜೊತಿ ಇವನ್ನೂ ಹಚ್ಚಿದ್ರು, ಯಾರ ಜೊತಿ ಹೊಡದಾಡ್ತಿದ್ದನೋ ಅವ್ರ ಬಾಜೂನೇ ಹೆಜ್ಜಿ ಹಾಕ್ಬೇಕಾಯ್ತು. ಪೂರಾ ಬದಲಾದ ಅನ್ನಂಗಿಲ್ಲ, ಕಂಪ್ಲೇಂಟ್ ಮಾತ್ರ ಭಾಳ ಕಮ್ಮಿ ಆದ್ವು.

ಸುರಪುರ ಕಡಿಯವ:
ಎಲ್ಲಾರಿಗೂ ಥ್ಯಾಂಕ್ಸ್ ರೀ. ನಿನ್ನಿ ಕೂಡಿಸ್ಕೊಂಡು ಕೇಳ್ದೆ, "ನಿಮ್ಮವ್ವ ನಿನ್ನ ಬಿಟ್ಟು ಓಡಿ ಹೋಗ್ಯಾಳ" ಅಂತ ಚಾಳಸ್ತಾರಂತ. ಇಷ್ಟು ದಿನ ಬಾಯಿ ಬಿಟ್ಟಿಲ್ಲ. ಪಿಟಿ ಸರ್‌ಗ ಹೇಳೀನಿ, ಇನ್ನ ಮ್ಯಾಲ ಏನಿದ್ರೂ ಸೀದಾ ಅವ್ರ ಹತ್ರ ಬರ್ಲಿ ಅಂದಾರ. ಅಕ್ಕೋರೆ, ಕಟ್ಟಿ ವಿಷ್ಯ ಹೆಂಗ್ ಮಾಡ್ಲಿ, ಅಲ್ಲಿ ನಗೋದ್ರಾಗ ನಮ್ಮಪ್ಪನೇ ಮುಂದ.

ಶಹಾಪುರದ ಅಕ್ಕ:
ನೀವು ಹೇಳ್ಲಾಕ ಹೋಗಬ್ಯಾಡ್ರಿ ತಮ್ಮಾ, ಮಗನ ಮಾತು ಯಾವ ಅಪ್ಪ ಕೇಳ್ತಾನ. ಆ ಹುಡುಗ್ರು ಅಂದ ಮಾತು ನಿಮ್ಮವ್ವನ ಬಾಯಿಲೆ ಅವ್ರ ಕಿವಿಗಿ ಹಾಕಸ್ರಿ. ಸೊಸಿ ಹೆಸರು ಬಂದದ ಅಂದ್ರ ನಗಂಗಿಲ್ಲ ಅವ್ರು.