ಈಗಲೇ ಹೊಸ ಕಂಪ್ಯೂಟರ್ ತಗೊಳ್ಳಲಾ, ದೀಪಾವಳಿ ತನಕ ತಡೆಯಲಾ?

ಟೈಪಿಂಗ್ ಅಕ್ಕ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಸೇಡಂ ರೋಡಿನಲ್ಲಿ, ಯೂನಿವರ್ಸಿಟಿ ಕಡೆ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಥೀಸಿಸ್, ಪ್ರಾಜೆಕ್ಟ್, ಅರ್ಜಿ, ಲಗ್ನಪತ್ರಿಕೆ ಎಲ್ಲಾ ಒಂದೇ ಕಂಪ್ಯೂಟರಿನಲ್ಲಿ. ಅದನ್ನು ತಂದು ಹನ್ನೊಂದು ವರ್ಷ ಆಯಿತು. ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಬೆಳಿಗ್ಗೆ ಬಟನ್ ಒತ್ತಿ, ಕಸ ಗುಡಿಸಿ, ಹೊರಗೆ ನೀರು ಹೊಡೆದು, ಊದುಬತ್ತಿ ಹಚ್ಚಿ ಬಂದರೂ ಪರದೆ ಮೇಲೆ ಆ ಚುಕ್ಕಿಗಳು ಇನ್ನೂ ಸುತ್ತುತ್ತಲೇ ಇರುತ್ತವೆ.

ಅಪ್ಪ ಈ ಸಲ ತೊಗರಿ ಮಾರಿದ ದುಡ್ಡಿನಲ್ಲಿ 40 ಸಾವಿರ ಕೊಡುತ್ತೇನೆ, ಹೊಸದು ತಗೊ ಅಂದಿದ್ದಾರೆ. ಬೆಂಗಳೂರಿನಲ್ಲಿರುವ ಮಾವನ ಮಗ ಮಾತ್ರ ಬೇಡ ಅಕ್ಕಾ, ಈಗ ರ‍್ಯಾಮ್ ರೇಟು ಸಿಕ್ಕಾಪಟ್ಟೆ ಏರಿದೆ, ದೀಪಾವಳಿ ತನಕ ತಡಿ, ಆಫರ್ ಇರುತ್ತೆ, ಹೊಸ ಪ್ರೊಸೆಸರೂ ಬಂದಿರುತ್ತೆ ಅನ್ನುತ್ತಾನೆ. ಈ ಕಡೆ ವಿಂಡೋಸ್ 10 ಮುಗಿದು ಹೋಯಿತು ಅಂತ ದಿನಾ ಪರದೆ ಮೇಲೆ ಸೂಚನೆ ಬರುತ್ತದೆ. ಯುಗಾದಿ ಆದ ಮೇಲೆ ಲಗ್ನಪತ್ರಿಕೆ ಕೆಲಸ ಶುರು, ಆಗ ಉಸಿರಾಡೋಕೂ ಪುರುಸೊತ್ತು ಇರಲ್ಲ. ಅಪ್ಪನ ದುಡ್ಡು, ಒಂದು ರೂಪಾಯಿನೂ ದಂಡ ಆಗಬಾರದು. ತಿಳಿದವರು ಹೇಳಿ.

ರಿಪೇರಿ ಟೇಬಲ್, ಕಲಬುರಗಿ

ಅಕ್ಕಾ, ಮೊದಲು ಒಂದು ಕೆಲಸ ಮಾಡಿ. ಕಂಪ್ಯೂಟರ್ ಆನ್ ಆದ ಕೂಡಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆಗೆಯುತ್ತದೆ. ಅದರಲ್ಲಿ ಡಿಸ್ಕ್ ಅನ್ನೋ ಕಾಲಂ ನೋಡಿ. ಅಲ್ಲಿ 100 ಅಂತ ತೋರಿಸಿ ಕೆಂಪಗೆ ನಿಂತಿದ್ದರೆ ನಿಮ್ಮ ಕಾಯಿಲೆ ಪ್ರೊಸೆಸರಿನದಲ್ಲ, ಹಾರ್ಡ್ ಡಿಸ್ಕಿನದು. ಆ ಡಿಸ್ಕ್ ಒಳಗೆ ತಟ್ಟೆ ತಿರುಗುತ್ತದೆ, ಮೇಲೆ ಸೂಜಿಯಂಥದ್ದು ಓಡಾಡಿ ಓದುತ್ತದೆ. ಸೆಕೆಂಡಿಗೆ 100ರಿಂದ 150 ಎಂಬಿ ಬಂದರೆ ಅದೇ ದೊಡ್ಡದು, ಅದೂ ದೊಡ್ಡ ಫೈಲ್ ಒಂದೇ ಸಮನೆ ಓದುವಾಗ. ಸಣ್ಣ ಸಣ್ಣ ಫೈಲ್ ಆದರೆ ಇನ್ನೂ ಕಡಿಮೆ, ವಿಂಡೋಸ್ ತುಂಬಾ ಇರೋದೇ ಸಣ್ಣ ಫೈಲುಗಳು. ಆ ಡಿಸ್ಕಿನ ಜಾಗಕ್ಕೆ ಹಾಕುವ, ಚಿಪ್ಪಿನಲ್ಲೇ ಫೈಲ್ ಇಡುವ ಎಸ್ಎಸ್‌ಡಿಯಲ್ಲಿ ತಿರುಗೋದು ಏನೂ ಇಲ್ಲ. ಸಾಟಾ ಕೇಬಲ್ಲಿಗೆ ಹಾಕುವ ಎಸ್ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ, ನಿಮ್ಮ ಹಳೆ ಬೋರ್ಡಿಗೂ ಕೂರುತ್ತದೆ. ನಾಳೆ ಹೊಸ ಕಂಪ್ಯೂಟರ್ ತಂದರೆ ಅದನ್ನೇ ಬಿಚ್ಚಿ ಅದಕ್ಕೆ ಹಾಕಬಹುದು, ದುಡ್ಡು ದಂಡ ಆಗಲ್ಲ. ಆದರೆ ರ‍್ಯಾಮ್ ಹಾಗಲ್ಲ. ನಿಮ್ಮದು ಡಿಡಿಆರ್3 ಅನ್ನೋ ಹಳೆ ತಲೆಮಾರಿನದು ಇರುತ್ತದೆ, ಹೊಸ ಬೋರ್ಡಿಗೆ ಬರಲ್ಲ, ಅದರ ಮೇಲೆ ದುಡ್ಡು ಹಾಕಬೇಡಿ.

ವಿಂಡೋಸ್ 10 ವಿಷಯ. ಅಕ್ಟೋಬರ್ 14, 2025ಕ್ಕೆ ಸಪೋರ್ಟ್ ನಿಂತಿದ್ದು ನಿಜ. ಹಾಗಂತ ಕಂಪ್ಯೂಟರ್ ನಿಲ್ಲಲ್ಲ. ಮನೆ ಬಳಕೆಯವರಿಗೆ ಅಕ್ಟೋಬರ್ 13, 2026ರ ತನಕ ಸೆಕ್ಯುರಿಟಿ ಅಪ್‌ಡೇಟ್ ಕೊಡೋ ಒಂದು ಯೋಜನೆ ಇದೆ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರಿಕೊಳ್ಳಬಹುದು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡೂ ಇಲ್ಲ, ಆದರೆ ನಿಮ್ಮದು ವಿಂಡೋಸ್ 10ರ ಕೊನೆಯದಾದ 22ಎಚ್2 ವರ್ಷನ್ ಆಗಿರಬೇಕು.

ನನ್ನ ಮಟ್ಟಿಗೆ ಈಗ ಎಸ್ಎಸ್‌ಡಿ ಹಾಕಿಸಿ, ಹೊಸದು ನಿಧಾನವಾಗಿ ನೋಡಿ. ಪ್ರೊಸೆಸರ್ ನಂಬರ್ ಒಂದು ಬರೆಯಿರಿ.

ಬೀದರ್ ಓಲ್ಡ್ ಸಿಟಿ

ಅಣ್ಣ ಹೇಳಿದ್ದಕ್ಕೆ ನನ್ನದೂ ಒಂದು ಅನುಭವ ಸೇರಿಸುತ್ತೇನೆ. ನಾನು 2021ರಲ್ಲಿ ಗೇಮ್ ಆಡೋಕೆ ಗ್ರಾಫಿಕ್ಸ್ ಕಾರ್ಡ್ ತಗೊಳ್ಳೋಕೆ ಸಿಕಂದರಾಬಾದಿನ ಸಿಟಿಸಿ ಅನ್ನೋ ಕಂಪ್ಯೂಟರ್ ಮಾರ್ಕೆಟಿಗೆ ಹೋಗಿದ್ದೆ. ಬೆಳಿಗ್ಗೆ ಬೀದರಿನಿಂದ ಹೊರಟು ಪಾರ್ಕ್‌ಲೇನ್ ತಲುಪಿ ಒಂದೊಂದೇ ಅಂಗಡಿ ಹತ್ತಿ ಇಳಿದೆ, ಎಲ್ಲಾ ಕಡೆ ಡಬಲ್ ರೇಟು. ಆಗ ಕ್ರಿಪ್ಟೋ ಮೈನಿಂಗ್, ಅಂದರೆ ಕಂಪ್ಯೂಟರಿನಲ್ಲಿ ಲೆಕ್ಕ ಓಡಿಸಿ ಡಿಜಿಟಲ್ ನಾಣ್ಯ ಗಳಿಸೋದು, ಮಾಡುವವರು ಕಾರ್ಡುಗಳನ್ನೆಲ್ಲಾ ಬಾಚಿಕೊಂಡಿದ್ದರು, ಚಿಪ್ ಕೊರತೆ ಬೇರೆ. ಬರಿಗೈಲಿ ವಾಪಸ್ ಬಂದೆ. ಸೆಪ್ಟೆಂಬರ್ 2022ರಲ್ಲಿ ಇಥೀರಿಯಂ ಅನ್ನೋ ನಾಣ್ಯದ ಮೈನಿಂಗ್ ನಿಂತಿತು, ಅದೇ ವರ್ಷದ ಕೊನೆಗೆ ಅದೇ ಕಾರ್ಡ್ ನನಗೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ದುಡ್ಡಿಗೆ ಸಿಕ್ಕಿತು. ಹಾಗಾಗಿ ಕಾದರೆ ಲಾಭ ಇಲ್ಲ ಅಂತ ಯಾರೂ ಹೇಳಬೇಡಿ. ಈಗಿನ ರ‍್ಯಾಮ್ ಕಥೆನೂ ಅದೇ ಥರ ಇದೆ ಅಲ್ವಾ? ಏರಿದ್ದು ಇಳಿಯಲೇಬೇಕು. ಅಕ್ಕಾ, ನೀವು ತಡೆಯಿರಿ.

ರಿಪೇರಿ ಟೇಬಲ್, ಕಲಬುರಗಿ

ತಮ್ಮಾ, ನಿನ್ನ ಲೆಕ್ಕ ನಿನಗೆ ಸರಿ. ನಿನ್ನ ಹತ್ತಿರ ಓಡುವ ಕಂಪ್ಯೂಟರ್ ಇತ್ತು, ಆಟ ಒಂದು ವರ್ಷ ತಡವಾಯಿತು ಅಷ್ಟೇ. ಅಕ್ಕನಿಗೆ ಅದೇ ಹೊಟ್ಟೆಪಾಡು. ಇನ್ನೊಂದು ಮಾತು, ಕಾರ್ಡ್ ರೇಟು ಇಳಿದದ್ದು ಮೈನಿಂಗ್ ನಿಂತಿದ್ದಕ್ಕೆ. ಈಗ ರ‍್ಯಾಮ್ ಏರಿರೋದು ಎಐ ಡೇಟಾ ಸೆಂಟರುಗಳಿಂದ. ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್, ಜಗತ್ತಿಗೆಲ್ಲಾ ಮೆಮೊರಿ ಚಿಪ್ ಕೊಡುವ ದೊಡ್ಡವರು ಈ ಮೂವರೇ. ಜಾಸ್ತಿ ದುಡ್ಡು ಬರುವ ಸರ್ವರ್ ಮೆಮೊರಿ ಕಡೆಗೆ ಮೂವರೂ ಹೊರಳಿದ್ದಾರೆ. ಮೈಕ್ರಾನ್ ಅಂತೂ ನಮ್ಮಂಥವರಿಗೆ ಮಾರುತ್ತಿದ್ದ ಕ್ರೂಶಿಯಲ್ ವ್ಯಾಪಾರವನ್ನೇ ಮುಚ್ಚುತ್ತೇನೆ ಅಂತ ಡಿಸೆಂಬರ್ 2025ರಲ್ಲಿ ಹೇಳಿತು. ಹೊಸ ಫ್ಯಾಕ್ಟರಿ ಎದ್ದು ಚಿಪ್ ಹೊರಗೆ ಬರೋಕೆ ವರ್ಷಗಳೇ ಬೇಕು. ದೀಪಾವಳಿ ಆಫರಿಗೆ ಅದೆಲ್ಲಾ ಇಳಿದು ಬಿಡುತ್ತದೆ ಅಂತ ನಾನಂತೂ ಅಕ್ಕನ ದುಡ್ಡಿನ ಮೇಲೆ ಪಣ ಕಟ್ಟಲ್ಲ. ನನ್ನ ಟೇಬಲ್ ಮೇಲೇ ನೋಡುತ್ತಿದ್ದೇನೆ, ಹೋದ ವರ್ಷ ಹಾಕಿದ ರ‍್ಯಾಮ್ ಈಗ ಡಬಲ್‌ಗಿಂತ ಜಾಸ್ತಿ.

ಯಾದಗಿರಿ ಮೇಷ್ಟ್ರು

ಅಕ್ಕಾ, ಯಾರಾದರೂ ಸೆಕೆಂಡ್ ಹ್ಯಾಂಡ್ ತಗೊಳ್ಳಿ, 15 ಸಾವಿರದಲ್ಲಿ ಮುಗಿಯುತ್ತೆ ಅಂದರೆ ಸ್ವಲ್ಪ ಹುಷಾರು. ನಾನು ಮಗಳ ಓದಿಗೆ ಅಂತ ಅಂಥದ್ದೊಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದೆ. ಅಂಗಡಿಯವರು ಐ5 ಸರ್, ಕಂಪನಿ ಆಫೀಸಿಂದ ಬಂದ ಮಾಲು ಅಂದರು. ಹೊರಗೆ ಫಳಫಳ ಅನ್ನುತ್ತಿತ್ತು. ಮನೆಗೆ ತಂದು ನೋಡಿದರೆ ಐ5-6500. ವಿಂಡೋಸ್ 11ಕ್ಕೆ ಇಂಟೆಲ್ ಆದರೆ 8ನೇ ತಲೆಮಾರು ಅಥವಾ ಅದರ ಮೇಲಿನದು ಬೇಕು, ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ವ್ಯವಸ್ಥೆ ಬೇಕು. ಗೆರೆ ಆದ ಮೇಲಿನ ಅಂಕಿನೇ ತಲೆಮಾರು. 6500 ಅಂದರೆ ಆರನೆಯದು, 8500 ಅಂದರೆ ಎಂಟನೆಯದು, 12400 ಅಂದರೆ ಹನ್ನೆರಡನೆಯದು. ಐ3, ಐ5 ಅನ್ನೋದನ್ನು ಮಾತ್ರ ಕೇಳಿ ದುಡ್ಡು ಕೊಟ್ಟೆ, ಆ ಅಂಕಿ ನೋಡಲಿಲ್ಲ. ಎರಡು ಸಲ ಬಸ್ ಹತ್ತಿ ಹೋಗಿ ಕೇಳಿದೆ, ವಾಪಸ್ ತಗೊಳ್ಳಲಿಲ್ಲ. ಮಗಳಿಗೆ ಇನ್ನೂ ಹೇಳೋಕೆ ಮನಸ್ಸಾಗಿಲ್ಲ.

ಟೈಪಿಂಗ್ ಅಕ್ಕ, ಕಲಬುರಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಣ್ಣಾ, ನೀವು ಹೇಳಿದ ಹಾಗೇ ನೋಡಿದೆ. ಡಿಸ್ಕ್ 100ಕ್ಕೆ ಹೋಗಿ ಆರು ನಿಮಿಷ ಅಲ್ಲಿಂದ ಇಳಿಯಲೇ ಇಲ್ಲ. ನಂಬರ್ ಐ3-4150. ವಿಂಡೋಸ್ 32 ಬಿಟ್ ಅಂತ ತೋರಿಸುತ್ತದೆ.

ಇನ್ನೊಂದು ಹೇಳೋದು ಮರೆತಿದ್ದೆ. ಹೋದ ವಾರ ಒಬ್ಬ ಹುಡುಗಿಯ ಥೀಸಿಸ್‌ಗೆ ಪುಟದ ನಂಬರ್ ಹಾಕುತ್ತಿದ್ದೆ, ಕಂಪ್ಯೂಟರ್ ತಾನೇ ಆಫ್ ಆಯಿತು. ಕರೆಂಟ್ ಹೋಯಿತೇನೋ ಅಂದುಕೊಂಡೆ, ಮೇಲೆ ನೋಡಿದರೆ ಫ್ಯಾನ್ ತಿರುಗುತ್ತಿತ್ತು. ಅವಳಿಗೆ ಸಬ್ಮಿಷನ್‌ಗೆ ಎರಡೇ ದಿನ ಇತ್ತು, ಎದುರಿಗೇ ಕೂತಿದ್ದಳು, ಒಂದು ಮಾತೂ ಆಡಲಿಲ್ಲ, ಸುಮ್ನೆ ಪೆನ್ ಕ್ಯಾಪ್ ತೆಗೆಯುತ್ತಿದ್ದಳು, ಹಾಕುತ್ತಿದ್ದಳು. ರಾತ್ರಿ ಹನ್ನೊಂದರ ತನಕ ಕೂತು ಮತ್ತೆ ಮಾಡಿಕೊಟ್ಟೆ. ನಿನ್ನೆ ಮತ್ತೆ ಹಾಗೇ ಆಯಿತು. ಪಕ್ಕದ ಮುಚ್ಚಳ ತೆಗೆದು ನೋಡಿದರೆ ಧೂಳು ಒಂದು ಬೊಗಸೆ. ಬೋರ್ಡಿನ ಮೇಲೆ ಸಣ್ಣ ಡಬ್ಬಿಯಂಥವು ಇರುತ್ತವಲ್ಲಾ, ಅದರಲ್ಲಿ ಮೂರು ತಲೆ ಉಬ್ಬಿವೆ, ಒಂದರ ಮೇಲೆ ಕಂದು ಬಣ್ಣದ್ದೇನೋ ಒಣಗಿ ನಿಂತಿದೆ. ಇದು ಏನಾದರೂ ತೊಂದರೆನಾ?

ರಿಪೇರಿ ಟೇಬಲ್, ಕಲಬುರಗಿ

ಅಕ್ಕಾ, ಇದನ್ನು ಮೊದಲೇ ಹೇಳಿದ್ದರೆ ನಾನು ಆ ಮಾತೇ ಆಡುತ್ತಿರಲಿಲ್ಲ. ಆ ಡಬ್ಬಿಗಳೇ ಕೆಪಾಸಿಟರ್. ತಲೆ ಉಬ್ಬಿ ಒಳಗಿನ ದ್ರವ ಹೊರಗೆ ಬಂದಿದೆ ಅಂದರೆ ಅವುಗಳ ಆಯುಷ್ಯ ಮುಗಿಯಿತು. ಕರೆಂಟನ್ನು ಒಂದೇ ಸಮ ಹಿಡಿದು ಕೊಡೋದು ಅವುಗಳ ಕೆಲಸ, ಅದು ಆಗದೆ ಬೋರ್ಡ್ ಬಂದ್ ಆಗುತ್ತಿದೆ. ನಮ್ಮ ಬಿಸಿಲಿಗೆ ಇದು ಬೇಗ ಬರುತ್ತದೆ. ಮೇ ತಿಂಗಳಲ್ಲಿ ಹೊರಗೇ 42, 43 ಡಿಗ್ರಿ ಇದ್ದರೆ ತಗಡಿನ ಡಬ್ಬದೊಳಗೆ ಎಷ್ಟಿರಬೇಡ. ಬದಲಿಸಿ ಬೆಸುಗೆ ಹಾಕಿಕೊಡಬಹುದು, ನಾನೇ ಮಾಡುತ್ತೇನೆ, ಆದರೆ ಹನ್ನೊಂದು ವರ್ಷದ ಬೋರ್ಡ್ ನಂಬಿ ಬೇರೆಯವರ ಥೀಸಿಸ್ ಕೈಗೆ ತಗೋಬೇಡಿ. ನನ್ನ ಮೊದಲಿನ ಸಲಹೆ ವಾಪಸ್ ತಗೊಳ್ಳುತ್ತೇನೆ. ಈಗಲೇ ಹೊಸದು ತಗೊಳ್ಳಿ. ಇವತ್ತೇ ಕೆಲಸದ ಫೈಲ್ ಎಲ್ಲಾ ಪೆನ್ ಡ್ರೈವಿಗೆ ಹಾಕಿ. ನುಡಿ ಫಾಂಟ್ ಫೈಲುಗಳನ್ನೂ ಮರೆಯಬೇಡಿ, ಹಳೆ ಲಗ್ನಪತ್ರಿಕೆ ತೆಗೆದಾಗ ಫಾಂಟ್ ಇಲ್ಲದಿದ್ದರೆ ಬರೀ ಇಂಗ್ಲಿಷ್ ಅಕ್ಷರದ ಗೊಂದಲ ಕಾಣುತ್ತದೆ.

40 ಸಾವಿರದಲ್ಲಿ ಹೀಗೆ ಮಾಡಿ. ಮಾನಿಟರ್, ಕೀಬೋರ್ಡ್ ಹಳೆಯವೇ ಇರಲಿ. ಐ3-12100 ಅಥವಾ ರೈಜೆನ್ 5 5600ಜಿ ಸಾಕು, ಎರಡರಲ್ಲೂ ಗ್ರಾಫಿಕ್ಸ್ ಒಳಗೇ ಇದೆ. ಡಿಡಿಆರ್4 ಬೋರ್ಡೇ ಕೇಳಿ. ರ‍್ಯಾಮ್ 8 ಜಿಬಿಯ ಒಂದೇ ಕಡ್ಡಿ ಹಾಕಿಸಿ, ಇನ್ನೊಂದು ಸ್ಲಾಟ್ ಖಾಲಿ ಬಿಡಿ. ರೇಟು ಇಳಿದ ದಿನ ಅಂಥದ್ದೇ ಇನ್ನೊಂದು ಹಾಕಿದರೆ 16 ಆಯಿತು. ಕಾಯೋದಿದ್ದರೆ ಅದಕ್ಕೊಂದಕ್ಕೆ ಕಾಯಿರಿ. 512 ಜಿಬಿಯ, ಬೋರ್ಡಿಗೇ ನೇರ ಕೂರುವ ಎನ್‌ವಿಎಂಇ ಎಸ್ಎಸ್‌ಡಿ, ಮೇಲೊಂದು ಯುಪಿಎಸ್, ಯುಪಿಎಸ್ ಮಾತ್ರ ಬಿಡಬೇಡಿ. ನಿಮ್ಮ ಹಳೆ ಮಾನಿಟರಿಗೆ ವಿಜಿಎ ಅನ್ನೋ ಹಳೆ ಥರದ ಕೇಬಲ್ ಒಂದೇ ಇದ್ದರೆ ಬೋರ್ಡಿನಲ್ಲೂ ವಿಜಿಎ ಇದೆಯಾ ನೋಡಿಕೊಳ್ಳಿ.

ಇನ್ನು ಪ್ರಿಂಟರ್. ವಿಂಡೋಸ್ 11 ಬರೋದು 64 ಬಿಟ್ಟಿನಲ್ಲಿ ಮಾತ್ರ. 32 ಬಿಟ್ ಸಾಫ್ಟ್‌ವೇರ್ ಅದರಲ್ಲಿ ಓಡುತ್ತದೆ, ಆದರೆ ಪ್ರಿಂಟರ್ ನಡೆಸುವ 32 ಬಿಟ್ ಡ್ರೈವರ್ ಓಡಲ್ಲ, ನಿಮ್ಮ ಹಳೆ ವಿಂಡೋಸಿನಲ್ಲಿರೋದು ಅದೇ. ದುಡ್ಡು ಕೊಡುವ ಮೊದಲು ಪ್ರಿಂಟರ್ ಅಂಗಡಿಗೇ ಒಯ್ದು ಒಂದು ಹಾಳೆ ತೆಗೆಸಿ ನೋಡಿ.

ಬೀದರ್ ಓಲ್ಡ್ ಸಿಟಿ

ಕೆಪಾಸಿಟರ್ ವಿಷಯ ಓದಿದ ಮೇಲೆ ನಾನೂ ತಡೆಯಿರಿ ಅನ್ನಲ್ಲ ಅಕ್ಕಾ. ಒಂದೇ ಮಾತು. ಸಿಟಿಸಿಯಲ್ಲಿ ಸ್ವಲ್ಪ ಕಡಿಮೆ ಸಿಗುತ್ತದೆ ಅಂತ ಅಲ್ಲಿಗೆ ಹೋಗಬೇಡಿ. ವಾರಂಟಿಗೆ ಮತ್ತೆ ಹೋಗಿ ಬರುವಷ್ಟರಲ್ಲಿ ಎರಡು ದಿನ ಅಂಗಡಿ ಬಂದ್ ಆಗುತ್ತದೆ. ಊರಲ್ಲೇ ತಗೊಳ್ಳಿ, ಜಿಎಸ್‌ಟಿ ಬಿಲ್ ಮೇಲೆ ಒಂದೊಂದು ಸಾಮಾನಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಟೈಪಿಂಗ್ ಅಕ್ಕ, ಕಲಬುರಗಿ

ನಮ್ಮೂರಿನ ಸೂಪರ್ ಮಾರ್ಕೆಟ್ ಏರಿಯಾದಲ್ಲಿ ಎರಡು ಅಂಗಡಿ ಕೇಳಿ ಬಂದೆ. 5600ಜಿ, 8 ಜಿಬಿ, 512 ಎಸ್ಎಸ್‌ಡಿ, ಯುಪಿಎಸ್ ಸೇರಿ 38,500 ಅಂದರು. ಬೋರ್ಡಿನಲ್ಲಿ ವಿಜಿಎ ಇದೆ, ನಾನೇ ಕಣ್ಣಾರೆ ನೋಡಿದೆ. ಅಪ್ಪನಿಗೆ ಫೋನ್ ಮಾಡಿದೆ, ಹೂಂ ಅಂದರು. ಸೋಮವಾರ ಆಟೋದಲ್ಲಿ ಪ್ರಿಂಟರ್ ಹೊತ್ತುಕೊಂಡು ಹೋಗುತ್ತೇನೆ. ಹಾಳೆ ಬಂದರೆ ಅಲ್ಲೇ ದುಡ್ಡು ಕೊಟ್ಟು ತರುತ್ತೇನೆ.