ಸಿಂಥೆಟಿಕ್ ಸೆಲ್ ಗ್ರಾಂಟ್‌ನಲ್ಲಿ "ಸಮಾಜದ ಮೇಲೆ ಪರಿಣಾಮ" ಅನ್ನೋ ಭಾಗಕ್ಕೆ ಏನು ಬರೀಬೇಕು?

ಹಾಸನದ_ಹುಡುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದಲ್ಲಿ ಪಿಎಚ್‌ಡಿ ಮಾಡ್ತಿದೀನಿ, ಮೂರನೇ ವರ್ಷ. ಕೆಲಸ ಸಿಂಥೆಟಿಕ್ ಸೆಲ್ ಮೇಲೆ, ಅಂದ್ರೆ ಕೊಬ್ಬಿನ ಪೊರೆಯ ಸಣ್ಣ ಗುಳ್ಳೆ ಮಾಡಿ ಅದರೊಳಗೆ ಡಿಎನ್‌ಎ, ರೈಬೋಸೋಮ್ (ಪ್ರೋಟೀನ್ ಕಟ್ಟೋ ಯಂತ್ರ), ಒಂದಷ್ಟು ಎಂಜೈಮ್ ತುಂಬಿ, ಅದೇ ತನಗೆ ಬೇಕಾದ ಪ್ರೋಟೀನ್ ಮಾಡ್ಕೊಳ್ಳೋ ಹಾಗೆ ಮಾಡೋದು. ಫೋನ್ ಮಾಡಿದಾಗೆಲ್ಲ ಅಮ್ಮ "ಅದಕ್ಕೆ ಜೀವ ಇದೆಯಾ" ಅಂತಾರೆ, ಇನ್ನೂ ಇಲ್ಲಮ್ಮ ಅಂತೀನಿ, "ಹಾಗಾದ್ರೆ ಯಾವತ್ತು ಬರುತ್ತೆ" ಅಂತಾರೆ, ಅಲ್ಲಿಗೆ ನನ್ನ ಮಾತು ನಿಂತು ಹೋಗುತ್ತೆ.

ಈಗ ವಿಷಯ ಏನಂದ್ರೆ ನಮ್ಮ ಗೈಡ್ ಹೊಸ ಗ್ರಾಂಟ್ ಬರೀತಿದಾರೆ, ಅದರಲ್ಲಿ ಸಾಮಾಜಿಕ-ನೈತಿಕ ಪರಿಣಾಮದ ಭಾಗ ನನಗೆ ಕೊಟ್ಟಿದಾರೆ, ಎರಡು ಪ್ಯಾರಾ ಸಾಕು ಅಂದ್ರು. ಎನ್‌ಎಸ್‌ಎಫ್‌ನವರು (ಇಲ್ಲಿ ಸಂಶೋಧನೆಗೆ ದುಡ್ಡು ಕೊಡೋ ಸರ್ಕಾರಿ ಸಂಸ್ಥೆ) 2018ರಲ್ಲಿ ಸಿಂಥೆಟಿಕ್ ಸೆಲ್ ಕಟ್ಟೋಕೆ ಅಂತ, ಆಮೇಲೆ 2021ರಲ್ಲಿ ಡಿಸೈನರ್ ಸೆಲ್ಸ್ ಅಂತ ಪ್ರಪೋಸಲ್ ಕರೆದಿದ್ರಲ್ಲ, ಅವನ್ನೂ ಓದಿದೆ, ಲ್ಯಾಬ್‌ನಲ್ಲಿದ್ದ ಹಳೇ ಪ್ರಪೋಸಲ್‌ಗಳನ್ನೂ ಓದಿದೆ. ಎಲ್ಲದರಲ್ಲೂ ಅದೇ: ಶಾಲೆಗೆ ಹೋಗಿ ಮಕ್ಕಳಿಗೆ ತೋರಿಸ್ತೀವಿ, ಒಂದು ವೆಬ್‌ಪೇಜ್ ಮಾಡ್ತೀವಿ. ತಪ್ಪಲ್ಲ, ಆದ್ರೆ ನಾವು ಮಾಡ್ತಿರೋ ಕೆಲಸಕ್ಕೂ ಅದಕ್ಕೂ ಏನು ಸಂಬಂಧ ಅಂತ ನನಗೆ ಗೊತ್ತಾಗ್ಲಿಲ್ಲ. ಮನಸ್ಸಿಗೆ ಒಪ್ಪೋ ಹಾಗೆ ಬರೀಬೇಕು ಅಂದ್ರೆ ಏನು ಬರೀಬೇಕು? ಈ ಭಾಗದಿಂದ ನಿಜವಾಗ್ಲೂ ಎಲ್ಲಾದ್ರೂ ಏನಾದ್ರೂ ಬದಲಾಗಿದ್ದು ಉಂಟಾ?

---

ಪೆಟ್ರಿಡಿಶ್ (ಬೆಂಗಳೂರು):

ಬದಲಾಗಿದೆ ಮೇಡಂ, ನಿಮ್ಮ ಫೀಲ್ಡಲ್ಲೇ, ಮೊನ್ನೆ ಮೊನ್ನೆ. ಮಿರರ್ ಲೈಫ್ ವಿಷಯ ನೀವು ಕೇಳೇ ಇರ್ತೀರಿ, ಆದ್ರೂ ಇಲ್ಲಿ ಓದೋ ಬೇರೆಯವರಿಗೋಸ್ಕರ ಹೇಳ್ತೀನಿ. ಎಡಗೈ ಬಲಗೈ ಇದ್ದ ಹಾಗೆ ಕೆಲವು ಅಣುಗಳಿಗೂ ಒಂದಕ್ಕೊಂದು ಕನ್ನಡಿ ಬಿಂಬದಂಥ ಎರಡು ರೂಪ ಇರುತ್ತೆ. ನಮ್ಮ ದೇಹದ ಪ್ರೋಟೀನೆಲ್ಲ ಎಡಗೈ ಅಮೈನೋ ಆಸಿಡ್‌ನಿಂದ ಆಗಿರೋದು, ಡಿಎನ್‌ಎಯಲ್ಲಿರೋ ಸಕ್ಕರೆ ಬಲಗೈ. ಇವೆರಡನ್ನೂ ಉಲ್ಟಾ ಮಾಡಿ, ಕನ್ನಡಿಯಲ್ಲಿ ಕಾಣೋ ಬಿಂಬದ ಹಾಗೆ ಒಂದು ಇಡೀ ಬ್ಯಾಕ್ಟೀರಿಯಾ ಕಟ್ಟಬಹುದಾ ಅಂತ ಕೆಲವರು ನೋಡ್ತಿದ್ರು. ಮಿನೆಸೋಟ ಯೂನಿವರ್ಸಿಟಿಯ ಕೇಟ್ ಆಡಮಾಲಾ ಅವರಿಗೆ 2019ರಲ್ಲಿ ಎನ್‌ಎಸ್‌ಎಫ್‌ನಿಂದ ಇದಕ್ಕೆ ದುಡ್ಡೂ ಸಿಕ್ಕಿತ್ತು. ಆಮೇಲೆ ಇಮ್ಯುನಾಲಜಿಯವರು, ಇಕಾಲಜಿಯವರು, ಗಿಡದ ರೋಗ ಓದೋರು ಎಲ್ಲ ಸೇರಿ ಕೂತು ಯೋಚನೆ ಮಾಡಿದ್ಮೇಲೆ ಹೆದರಿಕೆ ಆಗೋ ಚಿತ್ರ ಕಾಣ್ತು: ಅಂಥ ಬ್ಯಾಕ್ಟೀರಿಯಾ ಹೊರಗೆ ಬಂದ್ರೆ ನಮ್ಮ ಇಮ್ಯುನಿಟಿ ಅದನ್ನ ಸರಿಯಾಗಿ ಗುರುತೇ ಹಿಡಿಯದೆ ಇರಬಹುದು, ಬ್ಯಾಕ್ಟೀರಿಯಾ ಕೊಲ್ಲೋ ವೈರಸ್‌ಗಳಿಗೂ ಅದು ಸಿಗಲ್ಲ, ಗಿಡ, ಪ್ರಾಣಿ, ಮನುಷ್ಯ ಯಾರಿಗೆ ಬೇಕಾದ್ರೂ ಹತ್ತಬಹುದು.

2024ರ ಡಿಸೆಂಬರ್‌ನಲ್ಲಿ 38 ವಿಜ್ಞಾನಿಗಳು ಸೈನ್ಸ್ ಪತ್ರಿಕೆಯಲ್ಲಿ ಇದನ್ನ ಬರೆದ್ರು, ಜೊತೆಗೆ 299 ಪುಟದ ಟೆಕ್ನಿಕಲ್ ರಿಪೋರ್ಟ್. ಬರೆದವರಲ್ಲಿ ಆಡಮಾಲಾನೂ ಇದಾರೆ, ಸಿಂಥೆಟಿಕ್ ಜೀನೋಮ್ ಕೆಲಸಕ್ಕೆ ಹೆಸರಾದ ಕ್ರೇಗ್ ವೆಂಟರ್ ಇದಾರೆ, ನಮ್ಮ ಬೆಂಗಳೂರಿನ ಜೀವವಿಜ್ಞಾನ ಸಂಸ್ಥೆ ಎನ್‌ಸಿಬಿಎಸ್‌ನ ದೀಪಾ ಅಗಾಶೆ ಇದಾರೆ. ಅಪಾಯ ಇಲ್ಲ ಅಂತ ಗಟ್ಟಿ ಪುರಾವೆ ಬರೋವರೆಗೆ ಇದನ್ನ ಕಟ್ಟಬಾರದು, ದುಡ್ಡು ಕೊಡೋರೂ ಕೊಡಲ್ಲ ಅಂತ ಸ್ಪಷ್ಟವಾಗಿ ಹೇಳಬೇಕು ಅಂದ್ರು. ತಾವೇ ದುಡ್ಡು ತಗೊಂಡು ಶುರು ಮಾಡಿದ್ದ ಕೆಲಸ ತಾವೇ ನಿಲ್ಲಿಸೋದಿದೆಯಲ್ಲ, ಅದಕ್ಕೆ ನನಗೆ ತುಂಬಾ ಗೌರವ. ಮತ್ತೆ ಅವರು ಕಣ್ಮುಚ್ಚಿ ಎಲ್ಲದಕ್ಕೂ ಬೇಡ ಅಂದಿಲ್ಲ, ಔಷಧಿಗೆ ಬೇಕಾದ ಉಲ್ಟಾ ಅಣುಗಳ ಮೇಲೆ ಕೆಲಸ ನಡೀಲಿ, ಆ ಬ್ಯಾಕ್ಟೀರಿಯಾ ಮಾತ್ರ ಬೇಡ, ಗೆರೆ ಇಲ್ಲಿದೆ ಅಂದ್ರು. ನಿಮ್ಮ ಎರಡು ಪ್ಯಾರಾದಲ್ಲಿ ಆ ಥರ ಒಂದು ಗೆರೆ ಇರ್ಲಿ. ನಮ್ಮ ಗುಳ್ಳೆ ತಾನಾಗೇ ಎರಡಾಗೋಕೆ ಶುರು ಮಾಡಿದ್ರೆ ಮುಂದಿನ ಪ್ರಯೋಗಕ್ಕೆ ಮುಂಚೆ ಯಾರನ್ನ ಕೇಳ್ತೀವಿ, ಏನು ಕಂಡ್ರೆ ನಿಲ್ಲಿಸ್ತೀವಿ, ಅಷ್ಟು ಬರೀರಿ.

---

ಕಾಲುವೆ_ದಂಡೆ (ನೆದರ್ಲೆಂಡ್ಸ್):

ನಾನು ಬಯೋಫಿಸಿಕ್ಸ್‌ನಲ್ಲಿದೀನಿ. ಇಲ್ಲಿ 2017ರಲ್ಲಿ ಬೇಸಿಕ್ (BaSyC) ಅಂತ ಒಂದು ದೊಡ್ಡ ಸಿಂಥೆಟಿಕ್ ಸೆಲ್ ಪ್ರಾಜೆಕ್ಟ್ ಶುರುವಾಯ್ತು, ಡೆಲ್ಫ್ಟ್‌ನ ಮಾರಿಲೇನ್ ಡೋಗ್ಟೆರೋಮ್ ಅವರ ಮುಂದಾಳತ್ವ, 10 ವರ್ಷಕ್ಕೆ 18.8 ಮಿಲಿಯನ್ ಯೂರೋ. ಅದರಲ್ಲಿ ತತ್ವಶಾಸ್ತ್ರದವರೂ ಮೊದಲಿನಿಂದ ಟೀಮ್‌ನಲ್ಲೇ ಇದ್ರು. ನಾನು ಹೇಳೋಕೆ ಹೊರಟಿದ್ದು ದುಡ್ಡಿನ ಬಗ್ಗೆ. ಬಜೆಟ್‌ನಲ್ಲಿ ಒಂದು ಸಾಲು ಇಲ್ದಿದ್ರೆ ನೀವು ಬರೆದ ಪ್ಯಾರಾ ಗಾಳಿಗೆ ಹೋಗುತ್ತೆ. ಮನುಷ್ಯನ ಡಿಎನ್‌ಎ ಪೂರ್ತಿ ಓದೋ ಹ್ಯೂಮನ್ ಜೀನೋಮ್ ಪ್ರಾಜೆಕ್ಟ್ ಶುರುವಾದಾಗ ಅಮೆರಿಕದಲ್ಲಿ ಅದರ ಮುಖ್ಯಸ್ಥರಾಗಿದ್ದ ಜೇಮ್ಸ್ ವಾಟ್ಸನ್ ಬಜೆಟ್‌ನಲ್ಲೇ 3% ಇಂತಾ ಪ್ರಶ್ನೆಗಳಿಗೆ ಎತ್ತಿಟ್ರು, ಆಮೇಲೆ ಅದು 5% ಆಯ್ತು. 2025ರಲ್ಲಿ ಬ್ರಿಟನ್‌ನ ವೆಲ್‌ಕಮ್ ಟ್ರಸ್ಟ್ ಸಿಂಥೆಟಿಕ್ ಹ್ಯೂಮನ್ ಜೀನೋಮ್‌ಗೆ (ಮನುಷ್ಯನ ಡಿಎನ್‌ಎ ಲ್ಯಾಬ್‌ನಲ್ಲಿ ಕಟ್ಟೋ ಕೆಲಸಕ್ಕೆ) 10 ಮಿಲಿಯನ್ ಪೌಂಡ್ ಕೊಟ್ಟಾಗಲೂ ಪಕ್ಕದಲ್ಲೇ ಒಂದು ಸಮಾಜವಿಜ್ಞಾನದ ಪ್ರಾಜೆಕ್ಟ್ ಇಟ್ರು.

ಆದ್ರೆ ದುಡ್ಡು ಇಟ್ಟ ಮಾತ್ರಕ್ಕೆ ಆಗಿಬಿಡ್ತು ಅಂತಲ್ಲ. 2006ರಲ್ಲಿ ಎನ್‌ಎಸ್‌ಎಫ್ ದುಡ್ಡಲ್ಲಿ ಶುರುವಾದ ಸಿನ್‌ಬರ್ಕ್ ಅನ್ನೋ ಅಮೆರಿಕದ ಸಿಂಥೆಟಿಕ್ ಬಯಾಲಜಿ ಕೇಂದ್ರದಲ್ಲಿ ಮಾನವಶಾಸ್ತ್ರದ ಪಾಲ್ ರಾಬಿನೋ ಅವರನ್ನ ಸೇರಿಸ್ಕೊಂಡಿದ್ರು, ಕೆಲವೇ ವರ್ಷಕ್ಕೆ ಅವರು ಬೇಸರ ಮಾಡ್ಕೊಂಡು ಹೊರಗೆ ಬಂದ್ರು. ಒಂದೇ ಪ್ರಾಜೆಕ್ಟಲ್ಲಿ ಕೂರಿಸಿದ್ರೂ ಅವರ ಮಾತು ಲ್ಯಾಬ್ ಬೆಂಚ್‌ವರೆಗೆ ಹೋಗೋ ದಾರಿ ಇರಬೇಕು. ನಿಮ್ಮ ಯೂನಿವರ್ಸಿಟಿಯಲ್ಲಿ ಸಮಾಜಶಾಸ್ತ್ರದವರು ಯಾರಾದ್ರೂ ಇದ್ರೆ ಈಗಲೇ, ಪ್ರಪೋಸಲ್ ಹೋಗೋ ಮುಂಚೆನೇ ಹೋಗಿ ಮಾತಾಡಿ, ಕೊನೇ ವಾರದಲ್ಲಿ ಸಹಿ ಕೇಳೋಕೆ ಹೋಗ್ಬೇಡಿ.

---

ಧಾರವಾಡದ_ಕಾಕಾ:

ತಂಗಿ, ನಾ ವಿಜ್ಞಾನಿ ಅಲ್ಲ, ಕೃಷಿ ಇಲಾಖೆಯಾಗ ನೌಕರಿ ಮಾಡಿ ರಿಟೈರ್ ಆದಾಂವ. ನಿನ್ನ ಗುಳ್ಳಿ ವಿಚಾರ ಪೂರ್ತಿ ತಿಳೀಲಿಲ್ಲ, ಆದ್ರ ಬಿಟಿ ಬದನಿಕಾಯಿ (ಹುಳ ತಡಿಯೋ ಹಂಗ ಜೀನ್ ಬದಲಿಸಿದ ತಳಿ) ಕಥಿ ನಾ ಕಣ್ಣಾರೆ ಕಂಡಾಂವ. ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯದಾಗೂ ಅದರ ತಳಿ ಮಾಡಿದ್ರು. ವರ್ಷಗಟ್ಲೆ ಕೆಲಸ ಆಗಿ, 2009ರಾಗ ಇಂಥಾ ತಳಿ ಪರೀಕ್ಷೆ ಮಾಡೋ ಕೇಂದ್ರದ ಸಮಿತಿ ಜಿಇಎಸಿ ಒಪ್ಪಿಗಿನೂ ಕೊಟ್ಟ ಮ್ಯಾಲೆ, ಆಗಿನ ಪರಿಸರ ಮಂತ್ರಿ ಜೈರಾಮ್ ರಮೇಶ್ ಅವರು ಏಳು ಊರಾಗ ಸಭಾ ಕರದು ಜನರನ್ನ ಕೇಳಿದ್ರು, ಬೆಂಗಳೂರಾಗೂ ಒಂದು ಆತು. ಸಭಾದಾಗ ಏನು ಗದ್ಲ ಅಂತಿ. 2010ರ ಫೆಬ್ರವರಿಯಾಗ ತಡಿ ಬಿತ್ತು. ಆ ತಡಿ ಸರಿನೋ ತಪ್ಪೋ ಅಂತ ನಮ್ಮ ಮನ್ಯಾಗ ಇನ್ನೂ ಜಗಳ ಐತಿ, ಅದು ಬ್ಯಾರೆ ಮಾತು. ಬೀಜ ತಯಾರಾದ ಮ್ಯಾಲೆ ರೈತನ್ನ ಕೇಳಿದ್ರ ಅಂವಗ ಹೌದು, ಬ್ಯಾಡ, ಎರಡ ಉತ್ತರ ಉಳೀತಾವ. ಮೊದಲ ಕೇಳಿದ್ರ "ಹುಳ ಬಿಡು, ನನಗ ನೀರಿನ ಚಿಂತಿ ಐತಿ" ಅಂತಿದ್ದನೋ ಏನೋ. ನಿಮ್ಮ ಸೆಲ್‌ನಿಂದ ಮುಂದ ಯಾರ ಹೊಟ್ಟಿಗೆ ಹೊಡತ ಬೀಳ್ತದ ಅದನ್ನ ಬರಿ.

---

ಪೆಟ್ರಿಡಿಶ್ (ಬೆಂಗಳೂರು):

ಕಾಕಾ ಅವರ ಮಾತಿಗೆ ಸರಿಯಾದ ಉದಾಹರಣೆ ಮಲೇರಿಯಾ ಔಷಧಿ ಆರ್ಟೆಮಿಸಿನಿನ್. ಅದು ಒಂದು ಗಿಡದಿಂದ ಬರೋದು, ಚೀನಾ, ವಿಯೆಟ್ನಾಂ, ಪೂರ್ವ ಆಫ್ರಿಕಾದ ಸಣ್ಣ ರೈತರು ಬೆಳೀತಾರೆ. 2004ರಲ್ಲಿ ಗೇಟ್ಸ್ ಫೌಂಡೇಶನ್ 42.6 ಮಿಲಿಯನ್ ಡಾಲರ್ ಕೊಟ್ಟು ಯೀಸ್ಟ್‌ನಲ್ಲಿ ಅದರ ಹಿಂದಿನ ಹಂತದ ಆಸಿಡ್ ಮಾಡೋ ಕೆಲಸ ಮುಂದುವರೀತು, ವಿಜ್ಞಾನದ ಲೆಕ್ಕದಲ್ಲಿ ಅದ್ಭುತ ಕೆಲಸ, ಸನೋಫಿ ಕಂಪನಿ ಇಟಲಿಯಲ್ಲಿ ತಯಾರಿಸೋಕೂ ಶುರು ಮಾಡ್ತು. ಅಷ್ಟರಲ್ಲಿ ಗಿಡದ ಮಾಲಿನ ರೇಟು ಬಿದ್ದು, ಅದರ ಮುಂದೆ ಯೀಸ್ಟ್‌ದೇ ದುಬಾರಿಯಾಗಿ, ಆ ಫ್ಯಾಕ್ಟರಿನೇ ಮಾರಿದ್ರು. ರೋಗಿಗೆ ಔಷಧಿ ಅಗ್ಗ ಆಗ್ಲಿ ಅನ್ನೋದೂ ನಿಜ, ರೈತನ ಬೆಲೆ ಬೀಳಬಾರದು ಅನ್ನೋದೂ ನಿಜ. ಇವೆರಡರ ಮಧ್ಯೆ ನಿಂತು ಯೋಚನೆ ಮಾಡೋಕೆ ಯಾರಿಗಾದ್ರೂ ಸಂಬಳ ಕೊಟ್ಟು ಇಟ್ಕೊಳ್ಳಬೇಕು.

---

ಗಣಿತಮೇಷ್ಟ್ರು:

ನನಗೆ ಒಂದು ಅನುಮಾನ. ಇದೆಲ್ಲ ಭಾರ ಮೂರನೇ ವರ್ಷದ ಹುಡುಗಿ ತಲೆ ಮೇಲೆ ಹಾಕೋದು ನ್ಯಾಯನಾ? ಬೇಸಿಕ್ ಸೈನ್ಸ್‌ಗೆ ಮೊದಲೇ ದುಡ್ಡು ಕಮ್ಮಿ, ಎಲ್ಲಿ ಮುಟ್ಟುತ್ತೆ ಅಂತ ಗೊತ್ತಿಲ್ಲದೇ ಇರೋದಕ್ಕೇ ತಾನೆ ಅದನ್ನ ಸಂಶೋಧನೆ ಅನ್ನೋದು. 2016ರಲ್ಲಿ ವೆಂಟರ್ ಅವರ ತಂಡ ಬರೀ 473 ಜೀನ್ ಇರೋ ಜೀವಕೋಶ ಮಾಡ್ತು, ಅದರಲ್ಲಿ 149 ಜೀನ್ ಏನು ಮಾಡ್ತವೆ ಅಂತ ಮಾಡಿದವರಿಗೇ ಗೊತ್ತಿರಲಿಲ್ಲ. ಸೆಲ್ ಒಳಗೇ ಮೂರನೇ ಒಂದು ಭಾಗ ಕತ್ತಲೆ ಇರುವಾಗ ಸಮಾಜದಲ್ಲಿ ಏನಾಗುತ್ತೆ ಅಂತ ಯಾರು ಹೇಳೋಕಾಗುತ್ತೆ?

---

ಕಾಲುವೆ_ದಂಡೆ (ನೆದರ್ಲೆಂಡ್ಸ್):

ಮೇಷ್ಟ್ರೇ, ಭಾರದ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಒಪ್ತೀನಿ, ಇದು ಗೈಡ್ ಮಾಡಬೇಕಾದ ಕೆಲಸ. ಕತ್ತಲೆ ವಿಷಯದಲ್ಲಿ ಮಾತ್ರ ಬೇರೆ ಥರ ಕಾಣುತ್ತೆ. ನೀವು ಹೇಳಿದ ಆ ಮಿನಿಮಲ್ ಜೀನೋಮ್ (ಬದುಕೋಕೆ ಬೇಕಾದಷ್ಟೇ ಜೀನ್ ಇರೋದು) ಕೆಲಸ ಇನ್ನೂ ಯಾವ ಜೀನ್ ಬೇಕು ಯಾವುದು ಬೇಡ ಅಂತ ಪಟ್ಟಿ ಮಾಡೋ ಹಂತದಲ್ಲಿದ್ದಾಗಲೇ, 1999ರಲ್ಲಿ, ಇದನ್ನ ಮಾಡಬಹುದಾ ಅಂತ ನೀತಿಶಾಸ್ತ್ರದವರ ಒಂದು ಗುಂಪು ಕೂತು ಚರ್ಚೆ ಮಾಡಿ ಸೈನ್ಸ್‌ನಲ್ಲೇ ಬರೆದಿತ್ತು, ಸಿಂಥೆಟಿಕ್ ಜೀನೋಮ್ ಹಾಕಿದ ಸೆಲ್ ಬಂದಿದ್ದು 2010ರಲ್ಲಿ. ಮುಂದೇನಾಗುತ್ತೆ ಅಂತ ಅವರಿಗೂ ಗೊತ್ತಿರಲಿಲ್ಲ, ಯಾವ್ಯಾವ ಪ್ರಶ್ನೆ ಕೇಳ್ತಾ ಇರಬೇಕು ಅಂತ ಗೊತ್ತು ಮಾಡ್ಕೊಂಡ್ರು.

---

ಹಾಸನದ_ಹುಡುಗಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ರಾತ್ರಿ ಎಲ್ಲ ಓದಿದೆ. ಇವತ್ತು ಗೈಡ್ ಹತ್ರ ಹೋಗಿ ಎರಡು ಪ್ಯಾರಾ ಸಾಲಲ್ಲ, ಬಜೆಟ್‌ನಲ್ಲಿ ಒಬ್ಬರ ಅರ್ಧ ಸಂಬಳ ಬೇಕು ಅಂದೆ, ಸ್ವಲ್ಪ ಹೊತ್ತು ಸುಮ್ನಿದ್ದು "ಯಾರು ಅಂತ ಹುಡುಕಿದೀಯ" ಅಂದ್ರು. ನಮ್ಮ ಕ್ಯಾಂಪಸ್‌ನಲ್ಲೇ ಕೃಷಿ ಸಮಾಜಶಾಸ್ತ್ರದ ಪ್ರೊಫೆಸರ್ ಒಬ್ಬರಿದಾರೆ, ಗುರುವಾರ ಟೈಮ್ ಕೊಟ್ಟಿದಾರೆ. ಎಲ್ಲಿ ನಿಲ್ಲಿಸ್ತೀವಿ ಅನ್ನೋ ಭಾಗ ಬರೆಯೋಕೆ ಕೂತಿದೀನಿ, ಗುಳ್ಳೆ ಹೊರಗಿನಿಂದ ಏನೂ ಹಾಕದೆ ಬೆಳೆದು ಎರಡಾಗೋದು ಅಂತ ಮೊದಲನೇ ಗೆರೆ ಹಾಕಿದೀನಿ, ಎರಡನೇದು ಏನು ಅಂತ ಇನ್ನೂ ಹೊಳೀತಿಲ್ಲ. ಕಾಕಾ, ನಮ್ಮ ಗುಳ್ಳೆಯಿಂದ ಮೊದಲು ಮಾಡಬೇಕು ಅಂತಿರೋದು ಹೊಲದ ನೀರಲ್ಲಿ ನೈಟ್ರೇಟ್ ಎಷ್ಟಿದೆ ಅಂತ ತೋರಿಸೋ ಒಂದು ಸೆನ್ಸರ್. ರೈತರನ್ನ ಮೊದಲೇ ಕೇಳೋದಾದ್ರೆ ಏನಂತ ಕೇಳಬೇಕು, ನೀವಾದ್ರೆ ಎಲ್ಲಿಂದ ಶುರು ಮಾಡ್ತೀರಿ?