ಪದಚರ್ಚೆ: ಮ್ಯಾಕ್ರೋಫೇಜ್‌ಗೆ ಕನ್ನಡದಲ್ಲಿ ಏನು?

ಹಾಸನದಿಂದ:
ಮಾನ್ಯರೇ, ಕ್ಯಾನ್ಸರ್ ಜಾಗೃತಿ ಶಿಬಿರದ ಫಲಕ ನಾಳೆ ಸಂಜೆಯೊಳಗೆ ಮುದ್ರಣಕ್ಕೆ ಹೋಗಬೇಕು. ರೋಗಾಣುಗಳನ್ನು ನುಂಗಿ ದೇಹವನ್ನು ಕಾಯುವ ಮ್ಯಾಕ್ರೋಫೇಜ್ ಕೋಶಕ್ಕೆ ಆಯೋಜಕರು ‘ರಕ್ಷಕ ಕೋಶ’ ಎಂದು ಬರೆದಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಗಡ್ಡೆಯೊಳಗೆ ಸೇರಿಕೊಂಡ ಈ ಕೋಶಗಳು ಎಷ್ಟೋ ಸಲ ಪಕ್ಷಾಂತರ ಮಾಡುತ್ತವೆ. ಗಡ್ಡೆಗೆ ಹೊಸ ರಕ್ತನಾಳ ಬೆಳೆಯಲು ನೆರವಾಗುತ್ತವೆ, ಕ್ಯಾನ್ಸರ್ ವಿರುದ್ಧ ಹೋರಾಡುವ ಟಿ ಕೋಶಗಳ ಕೈ ಕಟ್ಟುತ್ತವೆ. ಫಲಕದಲ್ಲಿ ಈ ಮಾತೂ ಇದೆ. ರಕ್ಷಕ ಎಂದರೆ ಯಾರ ರಕ್ಷಕ?

ಚಿಕ್ಕಮಗಳೂರಿನಿಂದ:
ಗ್ರೀಕಿನ ‘ಮಕ್ರೋಸ್’ ದೊಡ್ಡದು, ‘ಫಾಗೇನ್’ ತಿನ್ನುವುದು. ‘ಮಹಾಭಕ್ಷಕ’ ಎಂದು ಬರೆದು ಮುಗಿಸಿ. ಹೆಸರಿಟ್ಟ ವಿಜ್ಞಾನಿ ಮೆಚ್ನಿಕಾಫ್ 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಲಾರ್ವಾಕ್ಕೆ ಗುಲಾಬಿ ಮುಳ್ಳು ಚುಚ್ಚಿ, ಕೋಶಗಳು ಅದನ್ನು ಮುತ್ತಿಕೊಂಡದ್ದನ್ನು ಕಂಡವರು. 1908ರ ನೊಬೆಲನ್ನು ಇನ್ನೊಬ್ಬ ವಿಜ್ಞಾನಿ ಎರ್ಲಿಕ್ ಜೊತೆ ಹಂಚಿಕೊಂಡವರು. ಹೆಸರು ಬಂದದ್ದು ತಿನ್ನುವ ಕೆಲಸದಿಂದ, ಪಕ್ಷನಿಷ್ಠೆಯಿಂದಲ್ಲ. ‘ಮಹಾನುಂಗಿ’ ಎನ್ನಲು ಹೊರಟವರಿಗೆ ಮೊದಲೇ ಹೇಳಿಬಿಡುತ್ತೇನೆ: ಸಂಸ್ಕೃತಕ್ಕೆ ಕನ್ನಡ ಬೆಸೆದ ಅರಿಸಮಾಸ.

ಮೂಡಿಗೆರೆಯಿಂದ:
ಮತ್ತೆ ಸಂಸ್ಕೃತ! ‘ನುಂಗು’ ಮನೆಯಲ್ಲೇ ಇರುವಾಗ ಭಕ್ಷಣೆಯನ್ನು ಸಾಲ ತರುವುದೇಕೆ? ಹೆಬ್ಬಾಗಿಲು, ಹೆಮ್ಮರ, ಹೆದ್ದಾರಿ ಇದ್ದ ಮೇಲೆ ‘ಹೆನ್ನುಂಗ’ ಆಗಬಾರದೇ?

ಚಿಕ್ಕಮಗಳೂರಿನಿಂದ:
ಆಗಲಿ ಸ್ವಾಮಿ. ‘ಹಿರಿದು’ ಮತ್ತು ‘ಕಣ’ವನ್ನೂ ಸೇರಿಸಿ ನೋಡಿ, ಹೆಗ್ಗಣ ಬರುತ್ತದೆ. ಅದನ್ನೂ ಆಸ್ಪತ್ರೆಯ ಗೋಡೆಗೆ ಬರೆಸೋಣ.

ಮೂಡಿಗೆರೆಯಿಂದ:
‘ಕಣ’ ಸಂಸ್ಕೃತ. ಅರಿಸಮಾಸ ಬೇಡವೆಂದವರೇ ಅದರ ‘ಕ’ವನ್ನು ‘ಗ’ ಮಾಡಿ ಗದಬಾದೇಶ ಮಾಡುವುದೇ? ಬೆಳಗ್ಗೆ ಕುಡಿಯುವ ಕಾಫಿಗೆ ಮಾತ್ರ ನೀವು ಯಾವ ಧಾತುವನ್ನೂ ಹುಡುಕುವುದಿಲ್ಲ.

ಹಾಸನದಿಂದ:
ಕಾಫಿ ಆಮೇಲೆ. ಕೆಲವು ಕ್ಯಾನ್ಸರ್ ಕೋಶಗಳು ಸಿಡಿ47 ಎಂಬ ಪ್ರೋಟೀನನ್ನು ಮೈಮೇಲೆ ಹೊತ್ತು ‘ನನ್ನನ್ನು ತಿನ್ನಬೇಡ’ ಎಂದು ಸೂಚಿಸುತ್ತವೆ. ಆ ಸೂಚನೆಯನ್ನು ತಡೆಯುವ ಔಷಧಗಳನ್ನು ಪರೀಕ್ಷಿಸುತ್ತಿದ್ದಾರೆ. ‘ಆ ಸೂಚನೆ ಸಿಕ್ಕಾಗ ಮಹಾಭಕ್ಷಕವು ಭಕ್ಷಿಸುವುದಿಲ್ಲ’ ಎಂದು ಬರೆದರೆ ಓದುವವರು ನಗುತ್ತಾರೆ. ‘ಹೆನ್ನುಂಗ ನುಂಗುವುದಿಲ್ಲ’ ಎಂದರೆ ಇನ್ನೂ ಜೋರಾಗಿ.

ಸಕಲೇಶಪುರದಿಂದ:
ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು ನಾನು. ಬಯಾಪ್ಸಿಯ ತುಣುಕಿನಲ್ಲಿ ಈ ಕೋಶಗಳನ್ನು ಗುರುತಿಸಲು ಅವುಗಳಲ್ಲಿರುವ ಸಿಡಿ68 ಎಂಬ ಪ್ರೋಟೀನನ್ನು ಹುಡುಕುವ ಪರೀಕ್ಷೆ ಮಾಡುತ್ತಾರೆ, ವರದಿಯಲ್ಲಿ ಮ್ಯಾಕ್ರೋಫೇಜ್ ಎಂದೇ ಇರುತ್ತದೆ. ರೋಗಿಯ ಕೈಗೆ ಬರುವುದು ಆ ಕಾಗದ. ಗೋಡೆಯ ಮೇಲೆ ಬೇರೊಂದು ಹೆಸರಿದ್ದರೆ ಎರಡೂ ಒಂದೇ ಎಂದು ಅವರಿಗೆ ತಿಳಿಸುವವರು ಯಾರು?

ಹಾಸನದಿಂದ:
‘ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶ’ ಎಂದು ಮುದ್ರಣಕ್ಕೆ ಕೊಟ್ಟಿದ್ದೇನೆ. ಎಲ್ಲರಿಗೂ ವಂದನೆ.

ಮೂಡಿಗೆರೆಯಿಂದ:
ಅದರಲ್ಲಿ ‘ಎಂಬ’ ಒಂದೇ ಕನ್ನಡ.